ನಮ್ಮ ಬೀದಿಗೇ ಬಾರದ ಸಮೀಕ್ಷೆಗೆ ದೇಶದ ಬಿಪಿ ಹೇಗೆ ಗೊತ್ತು?

ಪ್ರಶ್ನೆ: ದೇಶದ ವಯಸ್ಕರಲ್ಲಿ ಇಷ್ಟು ಮಂದಿಗೆ ಬಿಪಿ, ಇಷ್ಟು ಮಂದಿಗೆ ಸಕ್ಕರೆ ಕಾಯಿಲೆ ಎನ್ನುತ್ತಾರೆ. ನಮ್ಮ ಹಾಸನದ ಬೀದಿಗೆ ಯಾರೂ ಬಂದೇ ಇಲ್ಲ. ಈ ಲೆಕ್ಕವನ್ನು ನಂಬುವುದು ಹೇಗೆ?

ಉತ್ತರ: ಬೇಲೂರು, ಕಡೂರು, ಅರಸೀಕೆರೆ ಎಲ್ಲ ಕಡೆಯಿಂದಲೂ ಬರುವ ಪ್ರಶ್ನೆಯಿದು, ಉತ್ತರಿಸಿ ಸಾಕಾಗಿದ್ದರೂ ಮತ್ತೊಮ್ಮೆ ಹೇಳುತ್ತೇನೆ. 2017–18ರ ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ಸಮೀಕ್ಷೆಗೆ ದೇಶದ 600 ಕಡೆಗಳಿಂದ 12,000 ಮನೆಗಳನ್ನು ಆರಿಸಲಾಗಿತ್ತು. ಅದರ ಪ್ರಕಾರ 18ರಿಂದ 69 ವರ್ಷದವರಲ್ಲಿ ಶೇ. 28.5 ಮಂದಿಗೆ ರಕ್ತದೊತ್ತಡ ಹೆಚ್ಚಿತ್ತು.

'ನೂರು ಕೋಟಿ ದಾಟಿದ ದೇಶಕ್ಕೆ ಹನ್ನೆರಡು ಸಾವಿರ ಮನೆ ಯಾವ ಮೂಲೆಗೆ?' ಎಂಬ ಹಟ ಮಾತ್ರ ಬಿಡುವುದಿಲ್ಲ. ಕಾಫಿ ಮಾರುವವರು ಇದನ್ನು ಕೇಳಬಾರದು. ಔಟ್‌ಟರ್ನ್, ಅಂದರೆ ಚೆರಿಯಿಂದ (ಒಣಗಿದ ಕಾಫಿ ಹಣ್ಣಿನಿಂದ) ಎಷ್ಟು ಬೀಜ ಸಿಗುತ್ತದೆಂದು ನೋಡುವವರು ಲೋಡಿನ ಚೆರಿಯನ್ನೆಲ್ಲ ಸುಲಿಯುವುದಿಲ್ಲ, ಹಲವು ಚೀಲಗಳಿಂದ ತೆಗೆದ ಸ್ಯಾಂಪಲ್ಲಿನಲ್ಲೇ ದರ ತೀರ್ಮಾನವಾಗುತ್ತದೆ. ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ ಆರಿಸಿದ ಸಾವಿರ ಜನರಿಂದ ಬರುವ ಅಂದಾಜು ಸುಮಾರು ಮೂರು ಶೇಕಡಾಂಶದಷ್ಟು ಆಚೀಚೆ ಆಗಬಹುದು. ಜನಸಂಖ್ಯೆ ಹದಿನೇಳು ಲಕ್ಷವಿರಲಿ, ನೂರು ಕೋಟಿಯಿರಲಿ, ಆ ಅಂತರ ಹೆಚ್ಚುಕಡಿಮೆ ಅಷ್ಟೇ. ಒಂದೇ ಊರಿನ ಹಲವು ಮನೆಗಳನ್ನು ಒಟ್ಟಿಗೆ ಆರಿಸಿದರೆ ಅದು ತುಸು ಹಿಗ್ಗುವುದರಿಂದಲೇ ಸಾವಿರಕ್ಕೆ ನಿಲ್ಲದೆ ಮುಂದೆ ಹೋಗುತ್ತಾರೆ. ಸಂಖ್ಯೆಗಿಂತ ಮುಖ್ಯವಾದದ್ದು ಆಯ್ಕೆ ಯಾರ ಕೈಯಲ್ಲಿದೆ ಎಂಬುದು. ಉಚಿತ ತಪಾಸಣೆ ಶಿಬಿರಕ್ಕೆ ಬರುವವರು ತಲೆಸುತ್ತು, ಸುಸ್ತು ಎಂದು ತಾವಾಗಿಯೇ ಬಂದವರು. ಅಲ್ಲಿ ಐವತ್ತು ಸಾವಿರ ಜನರನ್ನು ಅಳೆದರೂ ತೋಟದ ಕೆಲಸ ಬಿಟ್ಟು ಬಾರದವರ ಸ್ಥಿತಿ ತಿಳಿಯದು. ಸಮೀಕ್ಷೆಯವರಾದರೋ ಮನೆಯೊಳಗೂ ಯಾರನ್ನು ಅಳೆಯಬೇಕೆಂಬುದನ್ನು ನಿಯಮದಿಂದಲೇ ನಿರ್ಧರಿಸುತ್ತಾರೆ, ಮನೆಯಲ್ಲಿ ಸುಲಭವಾಗಿ ಸಿಕ್ಕವರನ್ನು ಕೂರಿಸಿಕೊಳ್ಳುವುದಿಲ್ಲ.

ಹಾಗಾದರೆ ಹಾಸನದ ಬಿಪಿ ಎಷ್ಟೆಂದು ಇದೇ ಸಮೀಕ್ಷೆ ಹೇಳುತ್ತದೆಯೇ? ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: ಇಲ್ಲ. ಅದನ್ನು ಯೋಜಿಸಿದ್ದೇ ಇಡೀ ದೇಶದ ಅಂದಾಜಿಗೆ. ಜಿಲ್ಲಾವಾರು ಅಂಕಿ ಬೇಕಿದ್ದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಬೇಕು. ಹಾಗೆಂದು ಎರಡರ ಸಕ್ಕರೆಯ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ರೋಗ ಏರಿತು, ಇಳಿಯಿತು ಎನ್ನಬೇಡಿ. ಮೊದಲನೆಯದು ಖಾಲಿ ಹೊಟ್ಟೆಯ ರಕ್ತದಲ್ಲಿ 126 ಮಿ.ಗ್ರಾಂ. ಮಿತಿ ಹಿಡಿದಿದೆ, ಎರಡನೆಯದು ಯಾವ ಹೊತ್ತಿನಲ್ಲಾದರೂ ಬೆರಳು ಚುಚ್ಚಿ, 140 ದಾಟಿದರೆ ಹೆಚ್ಚು ಎಂದು ಬರೆದುಕೊಂಡಿದೆ.