ವಾಟರ್ ಪಂಪಿನೊಳಗಿನ ಎರಡು ಉಂಗುರಗಳು

ಕಾರಿನ ಎಂಜಿನ್‌ಗೆ ಬದಲಿ ವಾಟರ್ ಪಂಪ್ ಕೊಳ್ಳಹೊರಟವರು ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡುವುದನ್ನು ಎಷ್ಟೋ ಬಾರಿ ಕಂಡಿದ್ದೇನೆ. ಭಾರವಾಗಿದ್ದರೆ ಗಟ್ಟಿ, ನೀರನ್ನು ನೂಕುವ ರೆಕ್ಕೆಚಕ್ರ, ಎಂದರೆ ಇಂಪೆಲ್ಲರ್, ಲೋಹದ್ದಾದರೆ ಇನ್ನೂ ಗಟ್ಟಿ, ಪ್ಲಾಸ್ಟಿಕ್ಕಿನದಾದರೆ ಮೋಸ ಎಂಬ ಈ ನಂಬಿಕೆ ಶಕುನ ನೋಡಿ ಪ್ರಯಾಣ ಹೊರಡುವುದಕ್ಕಿಂತ ಹೆಚ್ಚು ವೈಜ್ಞಾನಿಕವೇನಲ್ಲ. ಕೆಲವು ಪ್ಲಾಸ್ಟಿಕ್ ಇಂಪೆಲ್ಲರ್‌ಗಳು ಬಿಸಿಗೆ ಬಿರಿದು, ತಮ್ಮನ್ನು ತಿರುಗಿಸುವ ದಂಡವಾದ ಶಾಫ್ಟಿನ ಮೇಲೆ ಸಡಿಲಗೊಂಡು ಜಾರಿದ್ದುಂಟು. ಆದರೆ ಗಾಜಿನ ನಾರು ಬೆರೆಸಿದ ಪಾಲಿಫಿನೈಲೀನ್ ಸಲ್ಫೈಡ್‌ನಂಥ ಪ್ಲಾಸ್ಟಿಕ್ಕಿಗೆ ತುಕ್ಕಿನ ಭಯವಿಲ್ಲ, ಅದು ಕರಗಬೇಕಾದರೆ ಸುಮಾರು 280 ಡಿಗ್ರಿ ಸೆಲ್ಸಿಯಸ್ ಬೇಕು, ಮತ್ತು ಅದನ್ನು ಅಚ್ಚಿಗೆ ಹೊಯ್ದು ಪಡೆಯುವಷ್ಟು ನಯವಾದ ಬಾಗುರೆಕ್ಕೆಗಳನ್ನು ತಗಡನ್ನು ಒತ್ತಿ ಮಾಡುವುದು ಕಷ್ಟ. ಪಂಪುಗಳು ಹೆಚ್ಚಾಗಿ ಸಾಯುವುದು ಇಂಪೆಲ್ಲರ್‌ನಿಂದಲ್ಲ, ಶಾಫ್ಟಿನ ಸುತ್ತ ನೀರು ಸೋರದಂತೆ ತಡೆಯುವ ಸೀಲಿನಿಂದ.

ಹಾಗೆ ನೋಡಿದರೆ ಪಂಪೇ ಇಲ್ಲದೆ ಕಾರುಗಳು ಓಡಿದ ಕಾಲವೂ ಇತ್ತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಮೊದಲ ಸುಮಾರು 2,500 ಗಾಡಿಗಳಿಗೆ ಪಂಪ್ ಇತ್ತು. ಆಮೇಲೆ ಅದನ್ನು ತೆಗೆದುಹಾಕಿ, ಕಾದ ನೀರು ಹಗುರವಾಗಿ ಮೇಲೇರುತ್ತದೆ, ತಣಿದ ನೀರು ಕೆಳಗಿಳಿಯುತ್ತದೆ ಎಂಬ ಸರಳ ನಿಯಮಕ್ಕೇ ಎಂಜಿನ್ ತಣಿಸುವ ಕೆಲಸವನ್ನು ಒಪ್ಪಿಸಲಾಯಿತು. ಇಪ್ಪತ್ತು ಅಶ್ವಶಕ್ತಿಯ ಆ ಎಂಜಿನ್‌ಗೆ ಅಷ್ಟು ಸಾಕಾಗಿತ್ತು. ಶಕ್ತಿ ಹೆಚ್ಚಿದಂತೆಲ್ಲ ನೀರನ್ನು ಬಲವಂತವಾಗಿ ನೂಕಬೇಕಾಯಿತು, ಅದರ ಜೊತೆಗೇ ಒಂದು ಕಠಿಣ ಸಮಸ್ಯೆಯೂ ಬಂದಿತು.

ಸಮಸ್ಯೆ ಇದು: ಪಂಪಿನ ಶಾಫ್ಟಿನ ಒಂದು ತುದಿ ಹೊರಗಿನ ಗಾಳಿಯಲ್ಲಿದ್ದು ಬೆಲ್ಟಿನಿಂದ ತಿರುಗುತ್ತದೆ, ಇನ್ನೊಂದು ತುದಿ ಒತ್ತಡದಲ್ಲಿರುವ, ನೂರು ಡಿಗ್ರಿಯ ಆಸುಪಾಸಿನ ಬಿಸಿಯ, ಎಂಜಿನ್ ತಣಿಸುವ ದ್ರವವಾದ ಕೂಲಂಟ್‌ನಲ್ಲಿ ಮುಳುಗಿರುತ್ತದೆ. ನಿಮಿಷಕ್ಕೆ 3,000 ಸುತ್ತು, ಎಂದರೆ ಸೆಕೆಂಡಿಗೆ 50 ಬಾರಿ ತಿರುಗುವ ಶಾಫ್ಟಿನ ಸುತ್ತಲಿನ ತೂತನ್ನು ಮುಚ್ಚಬೇಕು, ಆದರೆ ಮುಚ್ಚಿದ್ದು ಶಾಫ್ಟನ್ನು ಹಿಡಿದು ನಿಲ್ಲಿಸಬಾರದು. ಇದಕ್ಕೆ ಸಿಕ್ಕ ಉತ್ತರವೇ ಸೀಲ್: ಬೀಸುಕಲ್ಲಿನಂತೆ ಮುಖಕ್ಕೆ ಮುಖ ಕೊಟ್ಟು ಕುಳಿತ ಎರಡು ಉಂಗುರಗಳು. ಒಂದು ಕದಲುವುದಿಲ್ಲ, ಇನ್ನೊಂದು ಶಾಫ್ಟಿನೊಡನೆ ತಿರುಗುತ್ತದೆ, ಸ್ಪ್ರಿಂಗೊಂದು ಅವೆರಡನ್ನೂ ಒತ್ತಿ ಹಿಡಿದಿರುತ್ತದೆ. ಬೀಸುಕಲ್ಲಿಗೆ ತರಿ ಬೇಕು, ಇಲ್ಲಿ ತರಿಯೇ ಶತ್ರು. ಈ ಮುಖಗಳು ಎಷ್ಟು ಸಮತಟ್ಟಾಗಿರುತ್ತವೆಂದರೆ ಅವನ್ನು ಅಳೆಯುವುದು ಬೆಳಕಿನಿಂದ: ಹೀಲಿಯಂ ದೀಪದ ಕೆಳಗೆ, ಸಮತಲ ಗಾಜಿನ ಬಿಲ್ಲೆಯನ್ನು ಮೇಲಿಟ್ಟರೆ ಕಾಣುವ ಕಪ್ಪು ಪಟ್ಟೆಗಳನ್ನು ಎಣಿಸುತ್ತಾರೆ, ಒಂದು ಪಟ್ಟೆಗೆ 0.29 ಮೈಕ್ರಾನ್ ಏರುತಗ್ಗಿನ ಲೆಕ್ಕ. ತಲೆಗೂದಲಿನ ದಪ್ಪದ ಇನ್ನೂರರಲ್ಲಿ ಒಂದು ಪಾಲೂ ಅದಲ್ಲ.

ಎರಡು ಗಾಜಿನ ಹಲಗೆಗಳ ನಡುವೆ ನೀರು ಸವರಿ ಒತ್ತಿದರೆ ಅವು ಪಕ್ಕಕ್ಕೆ ಸಲೀಸಾಗಿ ಜಾರುತ್ತವೆ, ಎಳೆದು ಬಿಡಿಸಲು ಹೋದರೆ ಬಿಡುವುದಿಲ್ಲವಷ್ಟೆ? ಈ ಉಂಗುರಗಳ ನಡುವೆಯೂ ಕೂಲಂಟ್‌ನ ಅಂಥದೇ ತೆಳುಪೊರೆಯೊಂದು ಸೇರಿಕೊಂಡು ಸವೆತವನ್ನು ತಡೆಯುತ್ತದೆ. ಯಾವುದು ಸೋರಬಾರದೋ ಅದರ ಅತಿ ಸೂಕ್ಷ್ಮ ಸೋರಿಕೆಯಿಂದಲೇ ಸೀಲ್ ಬದುಕಿರುತ್ತದೆ. ಗಾಳಿಯ ಬದಿಗೆ ಬಂದ ಅಂಶ ಬಹುಮಟ್ಟಿಗೆ ಆವಿಯಾಗಿ ಹೋಗುತ್ತದೆ, ಉಳಿದದ್ದು ಪಂಪಿನ ಅಡಿಯ ಸಣ್ಣ ಸೋರುಕಿಂಡಿಯಲ್ಲಿ ಕಲೆಯಾಗಿ ಕಾಣುತ್ತದೆ. ಆ ಕಿಂಡಿಯನ್ನು ಗೋಂದು ಹಾಕಿ ಮುಚ್ಚಿದವರನ್ನೂ ನೋಡಿದ್ದೇನೆ. ಹೊರಹೋಗಬೇಕಾದ ದ್ರವವನ್ನು ಬೇರಿಂಗಿಗೆ ಕುಡಿಸುವ ಉಪಾಯವದು.

ಆದ್ದರಿಂದ ಕೊಳ್ಳುವಾಗ ಮೊದಲು ವಿಚಾರಿಸಬೇಕಾದದ್ದು ಸೀಲಿನ ಉಂಗುರಗಳು ಯಾವುದರವು ಎಂಬುದನ್ನು. ಇಂಗಾಲದ ಉಂಗುರಕ್ಕೆ ಸಾಧಾರಣ ಸೆರಾಮಿಕ್ ಜೋಡಿಯಾಗಿರುವುದಕ್ಕಿಂತ ಸಿಲಿಕಾನ್ ಕಾರ್ಬೈಡ್ ಜೋಡಿಯಾಗಿದ್ದರೆ ಮೇಲು, ಏಕೆಂದರೆ ಅದು ಹೆಚ್ಚು ಗಡುಸು, ಉಜ್ಜುವಿಕೆಯ ಬಿಸಿಯನ್ನೂ ಬೇಗ ಸಾಗಹಾಕುತ್ತದೆ. ಪೆಟ್ಟಿಗೆಯ ಮೇಲೆ ಇದನ್ನು ಬರೆಯದಿದ್ದರೆ, ಕಾರು ತಯಾರಕರಿಗೇ ಪಂಪ್ ಒದಗಿಸುವ ಕಂಪನಿಯದನ್ನು ಆರಿಸುವುದು ಕ್ಷೇಮ. ಮಾದರಿಯ ಹೆಸರು ಹೇಳಿ ತರುವುದಕ್ಕಿಂತ ಚಾಸಿ ಸಂಖ್ಯೆ ಕೊಟ್ಟು ತರಿಸಬೇಕು. ಬೆಲ್ಟಿನ ಬೆನ್ನು ಪುಲ್ಲಿಯನ್ನು ತಿರುಗಿಸುವ ಎಂಜಿನ್‌ಗಳಲ್ಲಿ ಪಂಪ್ ಉಲ್ಟಾ ಸುತ್ತುವುದುಂಟು, ನೋಡಲು ಒಂದೇ ತೆರನಾದ ಎರಡು ಪಂಪುಗಳ ರೆಕ್ಕೆಗಳು ಎದುರುಬದುರು ದಿಕ್ಕಿಗೆ ಬಾಗಿರಬಹುದು. ಟೈಮಿಂಗ್ ಬೆಲ್ಟಿನಿಂದ ಓಡುವ ಪಂಪಾದರೆ ಬೆಲ್ಟನ್ನೂ ಅದನ್ನು ಬಿಗಿಯಾಗಿಡುವ ಟೆನ್ಷನರನ್ನೂ ಒಟ್ಟಿಗೇ ಬದಲಿಸಬೇಕು, ಇಲ್ಲವಾದರೆ ಅದೇ ಬಿಚ್ಚುವ ಕೆಲಸಕ್ಕೆ ಎರಡು ಸಲ ಕೂಲಿ.

ಎಷ್ಟೇ ಒಳ್ಳೆಯ ಸೀಲಾದರೂ ಹಳೆಯ ಕೂಲಂಟ್‌ನ ತುಕ್ಕಿನ ಪುಡಿಗೂ ಗಡಸುನೀರಿನ ಸುಣ್ಣದ ಹರಳಿಗೂ ಸೋಲುತ್ತದೆ. ಹಾಗಾಗಿ ಪಂಪ್ ಕೂರಿಸುವ ಮುನ್ನ ರೇಡಿಯೇಟರನ್ನೂ ಎಂಜಿನ್ನಿನ ನೀರುದಾರಿಗಳನ್ನೂ ತೊಳೆದು, ತಯಾರಕರು ಹೇಳಿದ ಕೂಲಂಟನ್ನೇ ತುಂಬಿ, ಸಿಕ್ಕಿಕೊಂಡ ಗಾಳಿಯನ್ನು ಹೊರಬಿಡಬೇಕು. ಕೂಲಂಟ್ ತುಂಬದೆ ಎಂಜಿನ್ನನ್ನು ‘ಒಂದು ಸಲ ನೋಡೋಣ’ ಎಂದು ಚಾಲೂ ಮಾಡಿದರೆ ಪೊರೆಯಿಲ್ಲದ ಉಂಗುರಗಳು ಒಣಗಿ ಉಜ್ಜಿ ಆ ಸ್ವಲ್ಪ ಹೊತ್ತಿನಲ್ಲೇ ಹಾಳಾಗಬಹುದು. ಹೊಸ ಪಂಪಿನ ಸೋರುಕಿಂಡಿಯಲ್ಲಿ ಮೊದಮೊದಲು ಒಂದೆರಡು ಹನಿ ಕಂಡರೆ ಅದು ಉಂಗುರಗಳು ಒಂದಕ್ಕೊಂದು ಹೊಂದಿಕೊಳ್ಳುತ್ತಿರುವ ಗುರುತು. ಹನಿಗಳು ನಿಲ್ಲದೆ ತೊಟ್ಟಿಕ್ಕುತ್ತಲೇ ಇದ್ದರೆ ಆ ಪಂಪನ್ನು ಬಿಚ್ಚಿ ಹಿಂತಿರುಗಿಸಬೇಕು.