ಗ್ರಹಚಾರ: ಬಿಡುವುದಲ್ಲ, ಬಿಡಿಸುವುದು

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಕರೆಂಟ್ ಕಂಬಕ್ಕೆ ಕಟ್ಟಿದ ಹಳದಿ ಬೋರ್ಡು: ‘ಶತ್ರುಗಳ ಮೇಲೆ ಶನೇಶ್ವರನ ಗ್ರಹಾಚಾರ ಬಿಡಲಾಗುವುದು.’ ಕೆಳಗೆ ಮೊಬೈಲ್ ನಂಬರು. ಗ್ರಹಚಾರವನ್ನು ಬಾಣದ ಹಾಗೆ ‘ಬಿಡುವ’ ಈ ಮಾತು ವಾಟ್ಸಾಪಿನಲ್ಲೂ ಸಾಕಷ್ಟು ಸಲ ಕಂಡಿದ್ದೇನೆ. ಇನ್ನು ಸುಮ್ಮನಿರುವುದು ಕಷ್ಟ.

ಮೊದಲು ‘ಗ್ರಹಾಚಾರ’ದ ಆ ದೀರ್ಘ. ಗ್ರಹಗಳಿಗೆ ಆಚಾರವೂ ಇಲ್ಲ, ಮಡಿಯೂ ಇಲ್ಲ. ಇದು ಗ್ರಹ, ಚಾರ. ಚಾರ ಎಂದರೆ ನಡೆ. ಆರನೆಯ ಶತಮಾನದ ಜ್ಯೋತಿಷಿ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಆದಿತ್ಯಚಾರ, ಬುಧಚಾರ, ಶುಕ್ರಚಾರ ಎಂದು ಅಧ್ಯಾಯಗಳೇ ಇವೆ. ಅಲ್ಲಿ ಒಳ್ಳೆಯ ಫಲವೂ ಉಂಟು, ಕೆಟ್ಟದ್ದೂ ಉಂಟು. ನಮ್ಮ ಬಾಯಿಗೆ ಬರುವಷ್ಟರಲ್ಲಿ ಒಳ್ಳೆಯದು ಉದುರಿಹೋಗಿ ‘ಏನ್ ಗ್ರಾಚಾರ ಬಂತೋ ಯಪ್ಪಾ’ ಅಷ್ಟೇ ಉಳಿಯಿತು.

ಇನ್ನು ‘ಗ್ರಹ’. ಸಂಸ್ಕೃತದ ‘ಗ್ರಹ್’ ಎಂದರೆ ಹಿಡಿ. ಪಾಣಿಗ್ರಹಣದಲ್ಲಿ ಕೈ ಹಿಡಿಯುವುದು, ಸೂರ್ಯಗ್ರಹಣದಲ್ಲಿ ಸೂರ್ಯನನ್ನು ಹಿಡಿಯುವುದು. ಆಕಾಶದ್ದು ಮಾತ್ರ ಗ್ರಹವಲ್ಲ. ಕೂಸುಗಳನ್ನು ಹಿಡಿಯುವ ಬಾಲಗ್ರಹವೂ ಗ್ರಹವೇ. ‘ಶನಿ ಹಿಡದದ’ ಎನ್ನುವಾಗ ನಮ್ಮ ಮಂದಿ ಗೊತ್ತಿಲ್ಲದೆಯೇ ಆ ಮೂಲ ಅರ್ಥವನ್ನೇ ಹೇಳುತ್ತಾರೆ. ಹಿಡಿದದ್ದನ್ನು ಏನು ಮಾಡಬೇಕು? ಬಿಡಿಸಬೇಕು.

ಅದೇ ಬೋರ್ಡಿನ ಕೆಳಗೆ, ಕೈ ಕೊಸರಿಕೊಂಡು ಓಡುತ್ತಿದ್ದ ಹುಡುಗನಿಗೆ ಅವನ ಅವ್ವ ಕೂಗಿದಳು: ‘ಮನಿಗಿ ನಡಿ ಮಗನ, ನಿನ್ನ ಗ್ರಾಚಾರ ಬಿಡಸ್ತೀನಿ!’ ಅಕ್ಷರಶಃ ತೆಗೆದುಕೊಂಡರೆ ಇದು ಉಪಕಾರ. ಬೆದರಿಕೆ ಹೇಗಾಯಿತು? ದೆವ್ವ ಬಿಡಿಸುವವರ ಕೈಯಲ್ಲಿ ಬೇವಿನ ತಪ್ಪಲ, ಕಸಬರಿಗಿ ಇರುತ್ತದಲ್ಲ, ಅಲ್ಲಿಂದಲೇ ಬಂದಿರಬೇಕು ಎಂದು ನನ್ನ ಊಹೆ. ಹಿಡಿದದ್ದು ಬಿಡುತ್ತದೋ ಇಲ್ಲವೋ, ಏಟಂತೂ ಬೀಳುತ್ತದೆ. ಏನೇ ಆಗಲಿ, ಆ ಅವ್ವನ ಕ್ರಿಯಾಪದ ಸರಿ ಇತ್ತು, ಬೋರ್ಡಿನದು ತಪ್ಪು. ಶನಿಯೇನು ಅವರ ಬತ್ತಳಿಕೆಯಲ್ಲಿದ್ದಾನೆಯೇ, ತೆಗೆದು ಬಿಡಲು?

ಅವನೋ ಮೆಲ್ಲಗೆ ನಡೆಯುವವ. ಶನೈಃ ಎಂದರೆ ನಿಧಾನ, ಚರ ಎಂದರೆ ನಡೆಯುವವ, ಕೂಡಿದರೆ ಶನೈಶ್ಚರ. ಈಶ್ವರ ಆಮೇಲೆ ಬಂದು ಸೇರಿಕೊಂಡದ್ದು. ಸೂರ್ಯನ ಸುತ್ತ ಒಂದು ಸುತ್ತಿಗೆ ಅವನಿಗೆ ಸುಮಾರು 29½ ವರ್ಷ ಬೇಕು. ಹನ್ನೆರಡು ರಾಶಿಗೆ ಹಂಚಿದರೆ ರಾಶಿಗೆ ಹತ್ತಿರಹತ್ತಿರ ಎರಡೂವರೆ. ಜನ್ಮರಾಶಿ, ಅದರ ಹಿಂದಿನದು, ಮುಂದಿನದು ಸೇರಿ ಏಳೂವರೆ. ಮರಾಠಿಯಿಂದ ನಮಗೆ ಬಂದ ‘ಸಾಡೇಸಾತಿ’ಯಲ್ಲಿರುವುದು ಇದೇ ಏಳೂವರೆ. ‘ಹತ್ತು ವರ್ಷದ ಸಾಡೇಸಾತಿ’ ಎನ್ನುವವರಿಗೆ ಶನಿಗಿಂತ ಮೊದಲು ಲೆಕ್ಕ ಬಿಡಿಸಿ ತೋರಿಸಬೇಕಾಗಿದೆ.