ಕಂಪನಿ ದಿವಾಳಿ ಎದ್ದರೆ ಕೆಲಸ ಎಲ್ಲಿಗೆ ಹೋಗುತ್ತದೆ?

ದೊಡ್ಡ ಕಾರ್ಖಾನೆ ದಿವಾಳಿ ಎದ್ದರೆ ಅಲ್ಲಿನ ಅಷ್ಟೂ ಕೆಲಸ ಹೋದ ಹಾಗೇ ಎಂದು ಬರೆದು ನಾನು ಕಿರುಪರೀಕ್ಷೆಯಲ್ಲಿ ಅಂಕ ಕಳೆದುಕೊಂಡಿದ್ದೇನೆ. ದಿವಾಳಿ ಅಂದರೆ ಸಾಲ ತೀರಿಸಲಾಗದ ಸ್ಥಿತಿ ಅಷ್ಟೇ, ಕುಲುಮೆ ಆರಲೇಬೇಕೆಂದಿಲ್ಲ. 2018ರಲ್ಲಿ ಟಾಟಾ ಸ್ಟೀಲ್ ಸಾಲದಾತರಿಗೆ ಸುಮಾರು 35,200 ಕೋಟಿ ರೂಪಾಯಿ ಕೊಟ್ಟು ದಿವಾಳಿ ಎದ್ದಿದ್ದ ಭೂಷಣ್ ಸ್ಟೀಲನ್ನು ಕೊಂಡಿತು. ಬ್ಯಾಂಕುಗಳಿಗೆ ಪೂರ್ತಿ ದುಡ್ಡು ಬರಲಿಲ್ಲ, ಉಕ್ಕು ಮಾತ್ರ ಬರುತ್ತಲೇ ಇತ್ತು.

ಒಂದು ಕಂಪನಿ ಮುಗ್ಗರಿಸಿದರೆ ಅದರ ಗಿರಾಕಿ ಪ್ರತಿಸ್ಪರ್ಧಿಯ ಕಡೆ ಹೋಗುತ್ತಾನೆ, ಕೆಲಸವೂ ಅತ್ತ ಸರಿಯುತ್ತದೆ. ಇದು ಪಠ್ಯದ ಉತ್ತರ. ಹಾಗಿದ್ದರೆ 2008ರ ಕೊನೆಯಲ್ಲಿ ಕಾರು ಕಂಪನಿ ಜನರಲ್ ಮೋಟಾರ್ಸ್ (ಜಿಎಂ) ಮುಳುಗುವಾಗ ಎದುರಾಳಿ ಫೋರ್ಡ್ ಖುಷಿಪಡಬೇಕಿತ್ತಲ್ಲ? ಆದರೆ ಫೋರ್ಡ್ ಮುಖ್ಯಸ್ಥರೇ ಅಮೆರಿಕದ ಸಂಸತ್ತಿಗೆ ಹೋಗಿ, ಎದುರಾಳಿಗಳನ್ನು ಉಳಿಸಿ ಎಂದರು. ಏಕೆಂದರೆ ಜಿಎಂಗೆ ಬಿಡಿಭಾಗ ಕೊಡುವವರೇ ಬಹುಪಾಲು ಫೋರ್ಡಿಗೂ ಕೊಡುತ್ತಿದ್ದರು. ಜಿಎಂ ಬಾಕಿ ಕೊಡದೆ ಅವರು ಬಾಗಿಲು ಹಾಕಿದರೆ ಫೋರ್ಡ್ ಕಾರೂ ಅರ್ಧಕ್ಕೆ ನಿಲ್ಲುತ್ತಿತ್ತು.

ಈ ಸರಪಳಿಯನ್ನು ಬಳ್ಳಾರಿಯವರಿಗೆ ಹೇಳಿಕೊಡಬೇಕಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆ ನಿಲ್ಲಿಸಿತು. ಅದು ದಿವಾಳಿಯಲ್ಲ ನಿಜ, ಪೆಟ್ಟು ಇಳಿದ ದಾರಿ ಮಾತ್ರ ಅದೇ. ಅದಿರು ನಿಂತಿತು, ಲಾರಿ ನಿಂತಿತು, ಕಂತು ನಿಲ್ಲಲಿಲ್ಲ. ನಮ್ಮ ಎದುರುಮನೆ ಕಾಕಾ ಲಾರಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಬ್ಯಾಟರಿ ಸಾಯಬಾರದೆಂದು ವಾರಕ್ಕೊಮ್ಮೆ ಇಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಸುಮ್ಮನೆ ಸ್ಟೇರಿಂಗ್ ಹಿಡಿದು ಕೂರುತ್ತಿದ್ದ. ಕೊನೆಗೆ ಫೈನಾನ್ಸಿನವರು ಒಯ್ದರು. ಆ ಲಾರಿ ಇನ್ನೆಲ್ಲೋ ಇನ್ನೊಬ್ಬರಿಗೆ ದುಡಿಯಿತು. ಕಾಕಾನಿಗೆ ಬೇರೆ ದಾರಿ ಸಿಗಲು ಎರಡು ವರ್ಷ ಬೇಕಾಯಿತು.

ಇಡೀ ಪಾಠ ನನಗೆ ಅರ್ಥವಾದದ್ದು ಇಲ್ಲೇ. ಯಂತ್ರ ಬೇಗ ಕೈ ಬದಲಿಸುತ್ತದೆ: ಜಿಎಂ ಮತ್ತು ಟೊಯೋಟಾ ಜಂಟಿಯಾಗಿ ನಡೆಸುತ್ತಿದ್ದ ಅಮೆರಿಕದ ಫ್ರೀಮಾಂಟ್ ಕಾರ್ಖಾನೆ 2010ರ ಏಪ್ರಿಲ್‌ನಲ್ಲಿ ಮುಚ್ಚಿತು, ಅದೇ ವರ್ಷ ಟೆಸ್ಲಾ ಕೊಂಡಿತು. ಮನುಷ್ಯನಿಗೆ ಮನೆ, ಮಕ್ಕಳ ಶಾಲೆ, ಒಂದೇ ಕೆಲಸಕ್ಕೆ ಪಳಗಿದ ಕೈ. ಉಕ್ಕಿನ ಕಾರ್ಖಾನೆಯಿರುವ ನಮ್ಮ ತೋರಣಗಲ್ಲಿನಂತೆ ಒಂದೇ ಉದ್ಯಮದ ಸುತ್ತ ಬೆಳೆದ ಊರಾದರೆ, ಕೆಲಸ ಹೋದ ಹೊತ್ತಿಗೇ ಮನೆಯ ಬೆಲೆಯೂ ಬೀಳುತ್ತದೆ. ಮಾರಿ ಹೋಗೋಣವೆಂದರೆ ಕೊಳ್ಳುವವರಿರುವುದಿಲ್ಲ.

ಕಾನೂನಿನ ಭಾಗ ಚಿಕ್ಕದು. 2016ರ ದಿವಾಳಿ ಸಂಹಿತೆಯ ಪ್ರಕಾರ ಪರಿಹಾರ ಯೋಜನೆಗೆ, ಅಂದರೆ ಕಂಪನಿಯನ್ನು ಉಳಿಸುವ ಯೋಜನೆಗೆ, ಸಾಲದಾತರ ಸಮಿತಿಯ ಶೇ 66ರಷ್ಟು ಮತ ಬೇಕು, ಒಟ್ಟು ಗಡುವು 330 ದಿನ. ಇಡೀ ಕಂಪನಿಯನ್ನು ಕೊಳ್ಳುವವರಿಲ್ಲದೆ ಅದರ ಆಸ್ತಿ ಮಾರಾಟಕ್ಕೆ ಬಂದರೆ, ಪ್ರಕ್ರಿಯೆಯ ಖರ್ಚು ಕಳೆದ ಮೇಲೆ ಕಾರ್ಮಿಕರ 24 ತಿಂಗಳ ಬಾಕಿಗೆ ಅಡಮಾನವಿರುವ ಬ್ಯಾಂಕಿನ ಸರಿಸಮ ಸ್ಥಾನ. ಪಿಎಫ್ ದುಡ್ಡನ್ನು ಮುಟ್ಟುವಂತಿಲ್ಲ. ಸಾಮಗ್ರಿ ಕೊಟ್ಟವರು, ಗುತ್ತಿಗೆದಾರರು ಸಾಲಿನಲ್ಲಿ ತೀರಾ ಹಿಂದೆ. ಗೇಟ್ ಪಾಸ್ ತೋರಿಸಿ ಒಳಗೆ ಹೋಗುವ ಗುತ್ತಿಗೆ ಕೆಲಸಗಾರನ ಹೆಸರು ಕಂಪನಿಯ ಹಾಜರಿಯಲ್ಲಿ ಇರುವುದಿಲ್ಲ, ಆ ಗುತ್ತಿಗೆದಾರನ ಪುಸ್ತಕದಲ್ಲಿರುತ್ತದೆ.